ಹೆಸರಿಗೆ ನಂಬರ್ ಜೋಡಿಸುವ ಜಯದೇವಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ವಿಜಯದಶಮಿಯ ಮಾರನೇ ದಿನ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಈ ಗಲ್ಲಿಯಲ್ಲಿ ಒಡೆದ ಬೂದುಗುಂಬಳದ ಹೋಳುಗಳು ಕುಂಕುಮ ಮೆತ್ತಿಕೊಂಡು ರಸ್ತೆ ಮಧ್ಯೆಯೇ ಬಿದ್ದಿವೆ. ಶಟರ್‌ಗಳಿಗೆ ಕಟ್ಟಿದ ಬಾಳೆಕಂದು ಬಾಡಿದೆ. ಲೇತ್ ಯಂತ್ರಗಳಿನ್ನೂ ಎದ್ದಿಲ್ಲ. ಎದ್ದಿರುವವರು ಇಬ್ಬರೇ. ಬೀಗ ಹಾಕಿದ ಕೋಣೆಯ ಮೆಟ್ಟಿಲ ಮೇಲೆ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುವ ಜಯದೇವಿ ಒಬ್ಬರು. ಅವರ ಮುಂದೆ ಒಂದು ಕಡೆ ನಿಲ್ಲಲಾರದೆ ಅತ್ತಿತ್ತ ಓಡಾಡುತ್ತಿರುವ ಕುಸುಮಾ ಇನ್ನೊಬ್ಬರು. ಮೂರನೆಯವನು ನಾನು, ಆಟಕ್ಕುಂಟು ಲೆಕ್ಕಕ್ಕಿಲ್ಲ.

ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವ ಜಯದೇವಿಯವರ ಒಂದು ದಿನದ ಕೆಲಸ ನೋಡಿ ಪತ್ರಿಕೆಗೆ ಬರೆಯಬೇಕೆಂದು ನಾನು ತಿಂಗಳಿಂದ ಗಂಟುಬಿದ್ದಿದ್ದೆ. "ಹಬ್ಬದ ಮಾರನೇ ದಿನ ಬನ್ನಿ ಸಾರ್. ಆವತ್ತು ಏನಾದ್ರೂ ಒಂದು ಕೆಟ್ಟೇ ಕೆಟ್ಟಿರುತ್ತೆ" ಎಂದಿದ್ದರು. ಜ್ಯೋತಿಷಿಗಳು ಕೂಡ ಇಷ್ಟು ಖಚಿತವಾಗಿ ಹೇಳುವುದನ್ನು ನಾನು ಕೇಳಿಲ್ಲ.

ಕೆಟ್ಟಿದೆ. ಕುಸುಮಾ ಈ ಗಲ್ಲಿಯ ಒಂಬತ್ತು ವರ್ಕ್‌ಶಾಪ್‌ಗಳಲ್ಲಿ ಒಂದರ ಒಡತಿ. ವಯಸ್ಸು ಮೂವತ್ತನಾಲ್ಕು. ತಂದೆಯ ಕಾಲದ ಗೇಜು ತಯಾರಿಕೆಯನ್ನು ನಡೆಸುತ್ತಿದ್ದಾರೆ. ಗೇಜು ಅಂದರೆ ತೂತಿನ ಅಳತೆ, ಬೋಲ್ಟಿನ ಸುರುಳಿ ಮರೆಯ ಅಳತೆ ಸರಿ ಇದೆಯೋ ಇಲ್ಲವೋ ಎಂದು ಹಾಕಿ ನೋಡುವ ಉಕ್ಕಿನ ತುಂಡು. ಪುಣೆಯ ಕಾರ್ಖಾನೆಯೊಂದು ಇಡೀ ವರ್ಷಕ್ಕೆ ಬೇಕಾದ ಗೇಜುಗಳಿಗೆ ಕೊಟೇಶನ್ ಕೇಳಿದೆ. ಇವತ್ತು ಬೆಳಗ್ಗೆ ಹನ್ನೊಂದರೊಳಗೆ ಅದು ಮೇಲ್‌ನಲ್ಲಿ ಅವರ ಕೈ ಸೇರಬೇಕು. ಅದೂ ಅವರಲ್ಲಿ ನೋಂದಾಯಿಸಿರುವ ವಿಳಾಸದಿಂದಲೇ ಹೋಗಬೇಕು, ಬೇರೆ ವಿಳಾಸದ್ದನ್ನು ತೆರೆದೂ ನೋಡುವುದಿಲ್ಲವಂತೆ. ನಿನ್ನೆ ಸಂಜೆ ಕುಸುಮಾ ಕಳಿಸಿದ್ದಾರೆ. ನಿಮಿಷದೊಳಗೆ ವಾಪಸ್ ಬಂದಿದೆ. ಮತ್ತೆ ಕಳಿಸಿದ್ದಾರೆ. ಮತ್ತೆ ವಾಪಸ್.

"ಈ ಆರ್ಡರ್ ಸಿಕ್ಕಿದ್ರೆ ನಮ್ಮ ಆರು ಜನಕ್ಕೂ ವರ್ಷ ಪೂರ್ತಿ ಕೆಲಸ ಆಂಟಿ. ಸಿಗ್ಲಿಲ್ಲ ಅಂದ್ರೆ ಎರಡು ಮಿಷನ್ ನಿಲ್ಲಿಸ್ಬೇಕಾಗುತ್ತೆ. ಇಬ್ಬರನ್ನ ಬೇರೆ ಕಡೆ ಹೋಗಿ ಅಂತ ನಾನೇ ಹೇಳ್ಬೇಕು" ಎನ್ನುತ್ತಾರೆ ಕುಸುಮಾ. ಕಣ್ಣು ನೋಡಿದರೆ ರಾತ್ರಿ ನಿದ್ದೆ ಮಾಡಿದಂತಿಲ್ಲ.

"ಕೂತ್ಕೋಮ್ಮ. ನೀನು ಓಡಾಡಿದ್ರೆ ಮೇಲ್ ಓಡಾಡಲ್ಲ" ಎನ್ನುತ್ತಾರೆ ಜಯದೇವಿ. ಅವರು ವಾಪಸ್ ಬಂದ ಪತ್ರವನ್ನು ಓದುತ್ತಿದ್ದಾರೆ. ನಮ್ಮಂಥವರು ನೋಡಿದ ತಕ್ಷಣ ಅಳಿಸಿಬಿಡುವ, ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಕಲಸುಮೇಲೋಗರವಾದ ಪತ್ರ ಅದು. ಅವರು ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ಇಳಿಯುತ್ತಾರೆ. ಏಳನೇ ಸಾಲಿಗೆ ಬಂದಾಗ ಬೆರಳು ನಿಲ್ಲುತ್ತದೆ. ಅವರ ಮುಖದಲ್ಲಿ ಮೊದಲು ಗಾಬರಿ ಬರುತ್ತದೆ, ಆಮೇಲೆ ನಗು.

"ಕುಸುಮಾ, ನಮ್ಮ ಸರ್ವರ್ ಪುಣೆಯವರ ಬಾಗಿಲಿಗೆ ಹೋಗಿ ತನ್ನ ಹೆಸರು ಅಣ್ಣಮ್ಮ ಅಂತ ಹೇಳಿದೆ ಕಣಮ್ಮ."

ಅಣ್ಣಮ್ಮ ನಮ್ಮ ಬೆಂಗಳೂರಿನ ದೇವತೆ. ಈ ಕಡೆಯ ಗಲ್ಲಿಗಲ್ಲಿಯಲ್ಲೂ ವರ್ಷಕ್ಕೊಮ್ಮೆ ಕೂರಿಸಿ ಉತ್ಸವ ಮಾಡುತ್ತಾರೆ. ಆದರೆ ಮೇಲ್ ಸರ್ವರ್‌ನೊಳಗೆ ಅವಳು ಹೇಗೆ ಹೋಗಿ ಕೂತಳು? ಅದು ಗೊತ್ತಾಗಬೇಕಾದರೆ, ಒಂಬತ್ತೂ ವರ್ಕ್‌ಶಾಪ್‌ಗಳ ಮೇಲ್ ಸಾಗಿಸುವ ಆ ಸರ್ವರ್ ಇರುವ ಈ ಕೋಣೆಯ ಬೀಗ ತೆಗೆಯಬೇಕು. ಬೀಗದ ಕೈ ಇರುವುದು ಗಲ್ಲಿಯ ವರ್ಕ್‌ಶಾಪ್‌ಗಳ ಸಂಘದ ಕಾರ್ಯದರ್ಶಿ ನಾಗಭೂಷಣ್ ಅವರ ಬಳಿ. ನಾಗಭೂಷಣ್ ಇರುವುದು ಕೆಂಗೇರಿ ಉಪನಗರದಲ್ಲಿ. ಅವರ ಫೋನ್ ಬಡಿದುಕೊಳ್ಳುತ್ತಲೇ ಇದೆ.

ಕುಸುಮಾರ ವರ್ಕ್‌ಶಾಪ್‌ನ ಕಂಪ್ಯೂಟರ್‌ನಿಂದಲೇ ಸರ್ವರ್ ಸರಿಮಾಡಲು ಆಗುವುದಿಲ್ಲವೇ ಎಂದು ನಾನು ಬುದ್ಧಿವಂತನಂತೆ ಕೇಳುತ್ತೇನೆ. "ಆಗ್ತಿತ್ತು ಸಾರ್. ಬೇರೆ ಯಾರೂ ಕೈ ಹಾಕ್ಬಾರ್ದು, ಸರ್ವರ್ ಮುಂದೆ ಕೂತವರು ಮಾತ್ರ ಮುಟ್ಬೇಕು ಅಂತ ಆ ಬಾಗಿಲೆಲ್ಲಾ ನಾನೇ ಮುಚ್ಚಿದೀನಿ. ಈಗ ನೋಡಿ, ನಾನೇ ಹೊರಗಡೆ!" ಎಂದು ಜೋರಾಗಿ ನಗುತ್ತಾರೆ. ಕುಸುಮಾರಿಗೆ ನಗು ಬರುವುದಿಲ್ಲ. ನನಗೆ ಬರುತ್ತದೆ, ತಡೆದುಕೊಳ್ಳುತ್ತೇನೆ.

ಏಳೂಕಾಲಿಗೆ ನಾಗಭೂಷಣ್ ಫೋನ್ ತೆಗೆಯುತ್ತಾರೆ. ಸ್ನಾನ, ಪೂಜೆ ಮುಗಿದಿದೆಯಂತೆ. "ಬಂದೆ, ಬಂದೆ, ಅಲ್ಲೇ ಇದೀನಿ ಅಂದ್ಕೊಳ್ಳಿ" ಎನ್ನುತ್ತಾರೆ. ಬೆಂಗಳೂರಿನಲ್ಲಿ 'ಬಂದೆ' ಅಂದರೆ ಇನ್ನೂ ಚಪ್ಪಲಿ ಹುಡುಕುತ್ತಿದ್ದಾರೆ ಎಂದರ್ಥ. ನಮಗೆ ಕಾಯಲು ಬೇಕಾದಷ್ಟು ಸಮಯವಿದೆ. ಎದುರಿನ ಗಾಡಿಯಿಂದ ಮೂರು ಟೀ ಬರುತ್ತದೆ.

ಜಯದೇವಿಯವರಿಗೆ ಐವತ್ತಮೂರು ವರ್ಷ. ಮನೆ ಮೂಡಲಪಾಳ್ಯದಲ್ಲಿ. ಪತಿ ಮಹದೇವ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಈಗ ನಿವೃತ್ತರು. ಇಪ್ಪತ್ತನೇ ವಯಸ್ಸಿಗೆ ಜಯದೇವಿ ಮಾಗಡಿ ರಸ್ತೆಯ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದರು. ಒಂದು ಬೋರ್ಡು, ನೂರ ನಲವತ್ತು ಎಕ್ಸ್‌ಟೆನ್ಶನ್. ಹೊರಗಿನಿಂದ ಫೋನ್ ಮಾಡುವವರು ನಂಬರ್ ಹೇಳುತ್ತಿರಲಿಲ್ಲ, ಹೆಸರು ಹೇಳುತ್ತಿದ್ದರು. ಸ್ಟೋರ್ಸ್ ಕೆಂಚಪ್ಪ ಬೇಕು, ಕ್ಯಾಂಟೀನ್ ಕೊಡಿ, ಆ ದಪ್ಪ ಮೀಸೆಯ ಸಾಹೇಬರನ್ನು ಕೊಡಿ. ಹೆಸರು ಕೇಳಿದ ಕೂಡಲೇ ಇವರ ಬೆರಳು ಸರಿಯಾದ ನಂಬರಿಗೆ ಹೋಗುತ್ತಿತ್ತು. ಕೆಂಚಪ್ಪ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋದರೆ ಇವರು ತಮ್ಮ ಪುಸ್ತಕದಲ್ಲಿ ಒಂದು ಸಾಲು ತಿದ್ದಿದರೆ ಮುಗಿಯಿತು. ಫೋನ್ ಮಾಡುವವರಿಗೆ ಅದರ ಗೊಡವೆಯೇ ಇಲ್ಲ.

ಹದಿಮೂರು ವರ್ಷದ ಮೇಲೆ ಕಾರ್ಖಾನೆ ಮುಚ್ಚಿತು. ಆ ಮಾತು ಬಂದಾಗ ಮಾತ್ರ ಜಯದೇವಿಯವರ ದನಿ ಸ್ವಲ್ಪ ಇಳಿಯುತ್ತದೆ. "ಕೊನೇ ದಿನ ಬೋರ್ಡ್ ಆಫ್ ಮಾಡೋವಾಗ ಅತ್ಬಿಟ್ಟೆ ಸಾರ್. ಎಲ್ಲಾರೂ ಮಿಷನ್‌ಗೆ ಕೈ ಮುಗಿದ್ರು, ನಾನು ಬೋರ್ಡ್‌ಗೆ ಮುಗಿದೆ." ಆಮೇಲೆ ಮೂಡಲಪಾಳ್ಯದ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡಿದರು. ಸಂಜೆ ವಿಜಯನಗರದ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ಕಲಿತರು. ಎಲ್ಲವೂ ಕಬ್ಬಿಣದ ಕಡಲೆಯಾಗಿತ್ತು. ಒಂದು ದಿನ ಮೇಷ್ಟ್ರು, ನೆಟ್‌ವರ್ಕ್‌ನಲ್ಲಿ ಪ್ರತಿಯೊಂದು ಕಂಪ್ಯೂಟರಿಗೂ ಒಂದು ನಂಬರ್ ಇರುತ್ತದೆ, ಜನ ಹೆಸರು ಹೇಳುತ್ತಾರೆ, ಆ ಹೆಸರಿಗೆ ನಂಬರ್ ಹುಡುಕಿಕೊಡುವ ಒಂದು ಪುಸ್ತಕ ಇರಬೇಕು, ಅದನ್ನು ಡಿಎನ್‌ಎಸ್ ಅಂತಾರೆ ಎಂದು ಪಾಠ ಮಾಡಿದರಂತೆ. ಜಯದೇವಿ ಎದ್ದು ನಿಂತು "ಸಾರ್, ಇದು ನಾನು ಹದಿಮೂರು ವರ್ಷ ಮಾಡಿದೀನಿ" ಎಂದರಂತೆ. ಇಡೀ ಕ್ಲಾಸು ನಕ್ಕಿತಂತೆ.

ನಕ್ಕವರಲ್ಲಿ ಎಷ್ಟು ಮಂದಿಗೆ ಅದು ಅರ್ಥವಾಯಿತೋ ಗೊತ್ತಿಲ್ಲ, ಇವರಿಗಂತೂ ಆಯಿತು. ಮೊದಲು ಕೆಲಸಕ್ಕೆ ಕರೆದದ್ದು ಬಸವೇಶ್ವರನಗರದ ಒಬ್ಬ ಆಡಿಟರ್. ಸೀರೆ ಉಟ್ಟು, ಊಟದ ಬ್ಯಾಗ್ ಹಿಡಿದು ಒಳಗೆ ಹೋದ ಜಯದೇವಿಯವರನ್ನು ನೋಡಿ ಆತ "ಇಂಜಿನಿಯರ್ ಎಲ್ಲಮ್ಮಾ?" ಎಂದು ಕೇಳಿದರು. "ಸ್ಕೂಟರ್ ನಿಲ್ಲಿಸಿ ಬರ್ತಿದಾರೆ ಸಾರ್ ಅಂದೆ. ಹೊರಗೆ ಹೋದೆ. ಬ್ಯಾಗ್ ಸ್ಕೂಟರ್‌ನಲ್ಲಿಟ್ಟು, ಹೆಲ್ಮೆಟ್ ಕೈಯಲ್ಲಿ ಹಿಡ್ಕೊಂಡು ಮತ್ತೆ ಒಳಗೆ ಬಂದೆ. ಬಂದ್ರು ಸಾರ್ ಅಂದೆ." ಆ ಆಡಿಟರ್ ಇವತ್ತಿಗೂ ಅವರ ಗಿರಾಕಿ. ಪ್ರತಿ ಸಲವೂ "ಇಂಜಿನಿಯರ್ ಬಂದ್ರಾ?" ಎಂದು ಕೇಳಿ ತಾವೇ ನಗುತ್ತಾರಂತೆ.

ಈಗ ಅವರ ಕೈಯಲ್ಲಿ ಹದಿನಾಲ್ಕು ಜಾಗಗಳಿವೆ. ಎರಡು ಶಾಲೆ, ಕೆಂಗೇರಿಯ ಒಂದು ಔಷಧಿ ಸಗಟು ಅಂಗಡಿ, ಮೂರು ಆಡಿಟರ್ ಕಚೇರಿ, ಈ ಗಲ್ಲಿಯ ಸಂಘ, ಹೀಗೆ. ಒಟ್ಟು ಇನ್ನೂರ ಅರವತ್ತು ಕಂಪ್ಯೂಟರ್. ದಿನಕ್ಕೆ ಮೂವತ್ತೈದು ನಲವತ್ತು ಕಿಲೋಮೀಟರ್ ಸ್ಕೂಟರ್ ಓಡಿಸುತ್ತಾರೆ. ಈ ಗಲ್ಲಿಯ ಸರ್ವರ್‌ನಿಂದಲೇ ದಿನಕ್ಕೆ ಆರುನೂರು ಮೇಲ್ ಹೋಗಿ ಬರುತ್ತವೆ. ಇವರು ಬರುವ ಮುಂಚೆ ಇಲ್ಲಿನ ಮೂವತ್ತೊಂದು ಕಂಪ್ಯೂಟರ್‌ಗಳಲ್ಲೂ ಬೇರೆ ಬೇರೆಯಾಗಿ ಸರ್ವರ್‌ನ ಹೆಸರು, ನಂಬರ್ ಬರೆದಿಟ್ಟಿದ್ದರಂತೆ. ನಂಬರ್ ಒಂದು ಬದಲಾದರೆ ಮೂವತ್ತೊಂದು ಕಡೆ ಕೂತು ತಿದ್ದಬೇಕು. ಇವರು ಅದನ್ನೆಲ್ಲ ಅಳಿಸಿ ಇಡೀ ಗಲ್ಲಿಗೆ ಒಂದೇ ಪುಸ್ತಕ ಮಾಡಿದ್ದಾರೆ. ಅದು ನಡೆಯುತ್ತಿದೆ ಎಂಬುದು ಗಲ್ಲಿಯ ಯಾರಿಗೂ ಗೊತ್ತಿಲ್ಲ. ಎಲೆಮರೆಯ ಕಾಯಿ ಎಂದು ಪತ್ರಿಕೆಯವರು ಬರೆಯುತ್ತೇವಲ್ಲ, ಇದು ಎಲೆ ಇದೆ ಎಂಬುದೇ ಯಾರಿಗೂ ಗೊತ್ತಿಲ್ಲದಂಥ ಕೆಲಸ.

ಒಂಬತ್ತು ಹತ್ತಕ್ಕೆ ಆಟೋ ಬಂದು ನಿಲ್ಲುತ್ತದೆ. ನಾಗಭೂಷಣ್ ಇಳಿಯುತ್ತಾರೆ. ಅರವತ್ತೆಂಟರ ಹಿರಿಯರು, ನಲವತ್ತು ವರ್ಷ ಲೇತ್ ಮುಂದೆ ನಿಂತವರು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಪ್ರಸಾದದ ಪೊಟ್ಟಣ. ಮೆಟ್ರೋದಲ್ಲಿ ವಿಜಯನಗರಕ್ಕೆ ಬಂದು ಆಟೋ ಹಿಡಿದಿದ್ದಾರೆ. ಬೀಗ ತೆಗೆಯುತ್ತಿರುವಾಗ ಜಯದೇವಿ ಮೆತ್ತಗೆ, "ಸಾರ್, ಹಬ್ಬದಲ್ಲಿ ಯಾರಾದ್ರೂ ಸರ್ವರ್ ಮುಟ್ಟಿದ್ರಾ?" ಎಂದು ಕೇಳುತ್ತಾರೆ.

"ನಾನ್ ಏನೂ ಮಾಡಿಲ್ಲಮ್ಮ! ಪೂಜೆ ಅಷ್ಟೇ ಮಾಡಿದ್ದು. ಹೆಸರು ಇಟ್ಟಿದ್ದು ಬಿಟ್ರೆ ಏನೂ ಮುಟ್ಟಿಲ್ಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕೋಣೆಯೊಳಗೆ ಕಪ್ಪು ಪೆಟ್ಟಿಗೆಯಂಥ ಸರ್ವರ್ ಕೂತಿದೆ. ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ ಮಾಲೆ. ಗಾಳಿ ಆಡುವ ಕಿಂಡಿಗಳನ್ನು ಬಿಟ್ಟು ಅಲಂಕಾರ ಮಾಡಿದ್ದಾರೆ, ಅಷ್ಟು ಜವಾಬ್ದಾರಿ ಇದೆ.

ಕಥೆ ಹೀಗೆ. ಆಯುಧಪೂಜೆಯ ದಿನ ಗಲ್ಲಿಯ ಎಲ್ಲಾ ಯಂತ್ರಗಳಿಗೂ ಪೂಜೆಯಾಗಿದೆ. ಲೇತ್‌ಗಳಿಗೆಲ್ಲ ಮೊದಲಿಂದಲೂ ಒಂದೊಂದು ದೇವರ ಹೆಸರಿದೆ, ಮೈಮೇಲೆ ಬಣ್ಣದಲ್ಲಿ ಬರೆಸಿದ್ದಾರೆ. ಪಾಪ, ಈ ಸರ್ವರ್‌ಗೆ ಮಾತ್ರ ಹೆಸರಿಲ್ಲ ಎಂದು ನಾಗಭೂಷಣ್ ಅವರಿಗೆ ಕನಿಕರ ಹುಟ್ಟಿದೆ. ಪರದೆ ತೆರೆದಿದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಹೆಸರು ಬರೆಯುವ ಜಾಗ ಕಂಡಿದೆ. ಅಲ್ಲಿ ಏನೋ ಉದ್ದಕ್ಕೆ ಇಂಗ್ಲಿಷ್‌ನಲ್ಲಿ ಇದ್ದದ್ದನ್ನು ಅಳಿಸಿ, ಕೈಮುಗಿದು ಇಂಗ್ಲಿಷ್ ಅಕ್ಷರದಲ್ಲೇ ಅಣ್ಣಮ್ಮ ಎಂದು ಬರೆದಿದ್ದಾರೆ. ಆರತಿ ಎತ್ತಿದ್ದಾರೆ. ಒಂದು ಸಲ ಆಫ್ ಮಾಡಿ ಆನ್ ಮಾಡಿದ್ದಾರೆ. ಮುಗಿಯಿತು. ಅವತ್ತಿನಿಂದ ನಮ್ಮ ಸರ್ವರ್ ಮೇಲ್ ತೆಗೆದುಕೊಂಡು ಯಾರ ಬಾಗಿಲಿಗೆ ಹೋದರೂ "ನಾನು ಅಣ್ಣಮ್ಮ" ಎಂದೇ ಹೇಳುತ್ತಿದೆ.

"ಹೇಳಿದ್ರೆ ಏನಮ್ಮ ತಪ್ಪು?" ಎನ್ನುತ್ತಾರೆ ನಾಗಭೂಷಣ್. ಅವರಿಗೆ ನಿಜಕ್ಕೂ ನೋವಾಗಿದೆ.

"ತಪ್ಪಲ್ಲ ಸಾರ್. ಆದ್ರೆ ಅಲ್ಲಿಯವರು ನಂಬಲ್ಲ. ನಾನು ಫೋನ್ ಬೋರ್ಡ್ ಮುಂದೆ ಕೂರ್ತಿದ್ದಾಗ ಯಾರಾದ್ರೂ ಫೋನ್ ಮಾಡಿ, ನಾನು ಬ್ಯಾಂಕ್ ಮ್ಯಾನೇಜರ್ ಅಂದ್ರೆ ನಾನು ಏನ್ಮಾಡ್ತಿದ್ದೆ ಗೊತ್ತಾ? ಇಟ್ಬಿಡಿ ಸಾರ್, ನಾನೇ ಮಾಡ್ತೀನಿ ಅಂತ ಹೇಳಿ, ಡೈರೆಕ್ಟರಿ ತೆಗೆದು ಬ್ಯಾಂಕ್ ನಂಬರ್‌ಗೆ ವಾಪಸ್ ಮಾಡ್ತಿದ್ದೆ. ಪುಣೆಯವರದೂ ಅದೇ ಸಾರ್. ನಮ್ಮ ಮಿಷನ್ ಹೇಳಿದ ಹೆಸರನ್ನ ಡೈರೆಕ್ಟರಿಯಲ್ಲಿ ಹುಡುಕ್ತಾರೆ. ಅಣ್ಣಮ್ಮ ಅಂತ ಅಲ್ಲಿ ಯಾರೂ ಇಲ್ಲ. ಯಾರೋ ಮೋಸಗಾರರು ಅಂತ ಬಾಗಿಲು ಹಾಕ್ತಾರೆ."

ಇಷ್ಟು ಹೇಳಿ ಜಯದೇವಿ ಇನ್ನೊಂದು ಮಾತು ಸೇರಿಸುತ್ತಾರೆ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿ. "ತಪ್ಪು ನಂದೂ ಇದೆ. ಹೊರಗೆ ಹೇಳೋ ಹೆಸರನ್ನ ಬೇರೆಯಾಗಿ ಗಟ್ಟಿ ಬರೆದಿಡ್ಬೇಕಿತ್ತು. ಮಿಷನ್‌ಗೆ ಏನು ಹೆಸರಿದ್ಯೋ ಅದನ್ನೇ ಹೇಳ್ಲಿ ಅಂತ ಬಿಟ್ಬಿಟ್ಟಿದ್ದೆ. ಸೋಮಾರಿತನ."

ಸರಿ, ಹಳೇ ಹೆಸರು ಹಾಕಿಬಿಡಿ ಎಂದು ಕುಸುಮಾ ಗಡಿಯಾರ ತೋರಿಸುತ್ತಾರೆ. ಒಂಬತ್ತೂವರೆ. ಇಲ್ಲಿ ಶುರುವಾಗುತ್ತದೆ ನಿಜವಾದ ಕಷ್ಟ. ನಾಗಭೂಷಣ್ ಸರ್ವರ್ ಮುಂದೆ ಅಡ್ಡ ನಿಲ್ಲುತ್ತಾರೆ.

"ದೇವರ ಹೆಸರಿಟ್ಟು ಮೂರು ದಿನಕ್ಕೆ ಕಿತ್ತಾಕೋದಾ? ವರ್ಷ ಪೂರ್ತಿ ಗಲ್ಲಿಗೆ ಒಳ್ಳೇದಾಗುತ್ತಾ? ಕುಸುಮಾ, ನಿಮ್ಮಪ್ಪ ಇದ್ದಿದ್ರೆ ಒಪ್ತಿದ್ರಾ?"

ಕುಸುಮಾ ಗಡಿಯಾರ ತೋರಿಸುತ್ತಿದ್ದ ಕೈ ಇಳಿಸುತ್ತಾರೆ. ಅತ್ತ ದರಿ, ಇತ್ತ ಪುಲಿ. ಆರು ಜನರ ಕೆಲಸ ಒಂದು ಕಡೆ, ತಂದೆಯ ಗೆಳೆಯನ ಭಕ್ತಿ ಇನ್ನೊಂದು ಕಡೆ. ಹಬ್ಬದ ಮಾರನೇ ದಿನ ಹಿರಿಯರನ್ನು ನೋಯಿಸಿ ಶಟರ್ ಎತ್ತುವುದು ಅವರಿಂದಾಗದು. ಕಣ್ಣಲ್ಲಿ ನೀರು ತುಂಬಿಕೊಂಡು ಬಾಗಿಲ ಕಡೆ ತಿರುಗುತ್ತಾರೆ.

ನಾನಾಗಿದ್ದರೆ ಆ ಮನುಷ್ಯನಿಗೆ ಎರಡು ಮಾತು ಬಯ್ದು, ಪಕ್ಕಕ್ಕೆ ಸರಿಸಿ ಕೀಬೋರ್ಡ್ ಎಳೆದುಕೊಳ್ಳುತ್ತಿದ್ದೆ. ಜಯದೇವಿ ಹಾಗೆ ಮಾಡುವುದಿಲ್ಲ. ಒಂದು ಕುರ್ಚಿ ಎಳೆದು ನಾಗಭೂಷಣ್ ಅವರನ್ನು ಕೂರಿಸುತ್ತಾರೆ.

"ಸಾರ್, ನಾಮಕರಣದಲ್ಲಿ ಮಗೂಗೆ ಎಷ್ಟು ಹೆಸರಿಡ್ತೀವಿ?"

"ನಕ್ಷತ್ರದ್ದು ಒಂದು, ಮನೆದೇವರದು ಒಂದು, ಕರೆಯೋದು ಒಂದು."

"ನಂಗೆ ಮನೇಲಿ ಪುಟ್ಟಮ್ಮ ಅಂತಾರೆ ಸಾರ್. ನಮ್ಮಜ್ಜಿ ಹೆಸರು ಅದು. ಆಧಾರ್ ಕಾರ್ಡಲ್ಲಿ ಜಯದೇವಿ. ಬ್ಯಾಂಕಿಗೆ ಹೋಗಿ ಪುಟ್ಟಮ್ಮ ಬಂದಿದೀನಿ ಅಂದ್ರೆ ಒಳಗೆ ಬಿಡ್ತಾರಾ? ಹಾಗಂತ ಅಜ್ಜಿ ಹೆಸರು ಕಿತ್ತಾಕಿದ ಹಾಗಾಯ್ತಾ? ಅಣ್ಣಮ್ಮ ನಮ್ಮ ಮನೆ ಒಳಗಿನ ಹೆಸರು. ಗಲ್ಲಿಯ ಪುಸ್ತಕದಲ್ಲಿ ಹಾಗೇ ಇರುತ್ತೆ. ನಮ್ಮ ಮೂವತ್ತೊಂದು ಕಂಪ್ಯೂಟರಲ್ಲಿ ಯಾರು ಅಣ್ಣಮ್ಮ ಅಂತ ಕರೆದ್ರೂ ಇದೇ ಸರ್ವರ್ ಓ ಅನ್ನುತ್ತೆ. ಹೊರಗೆ ಹೋಗೋವಾಗ ಮಾತ್ರ ಆಧಾರ್ ಹೆಸರು ಹೇಳ್ಕೊಂಡು ಹೋಗ್ಲಿ. ಆಗ್ಬಹುದಾ?"

ನಾಗಭೂಷಣ್ ಮಾಲೆಯಿಂದ ಒಂದು ಹೂವು ಕಿತ್ತು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. "ಕರೆದ್ರೆ ಓ ಅನ್ನುತ್ತೆ ತಾನೇ?" ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. "ಅನ್ನುತ್ತೆ ಸಾರ್. ನೀವೇ ಕರೆದು ನೋಡಿ ಆಮೇಲೆ." ಅವರು ಪಕ್ಕಕ್ಕೆ ಸರಿಯುತ್ತಾರೆ.

ಮುಂದಿನ ಹನ್ನೆರಡು ನಿಮಿಷ ಜಯದೇವಿಯವರ ಬೆರಳುಗಳನ್ನು ನೋಡುವುದೇ ಒಂದು ಸಂತೋಷ. ಸರ್ವರ್‌ಗೆ ಅದರ ಉದ್ದನೆಯ ಹಳೇ ಹೆಸರನ್ನು ಕೊಡುತ್ತಾರೆ. ಈ ಹೆಸರು ನಿನ್ನದೇ, ಈ ನಂಬರ್ ನಿನ್ನದೇ ಎಂದು ಅದರೊಳಗೇ ಒಂದು ಸಾಲು ಬರೆಯುತ್ತಾರೆ. ಮೇಲ್ ಕಳಿಸುವಾಗ ಹೇಳಬೇಕಾದ ಹೆಸರನ್ನು ಬೇರೆಯಾಗಿ, ಈ ಸಲ ಗಟ್ಟಿಯಾಗಿ ಬರೆಯುತ್ತಾರೆ. ಗಲ್ಲಿಯ ಪುಸ್ತಕದಲ್ಲಿ ಅಣ್ಣಮ್ಮನನ್ನು ಎರಡನೇ ಹೆಸರಾಗಿ ಸೇರಿಸುತ್ತಾರೆ. ಆಮೇಲೆ ಹೊರಗಿನವರಂತೆ ವಿಚಾರಿಸುತ್ತಾರೆ. ಈ ಹೆಸರಿನ ನಂಬರ್ ಯಾವುದು? ಉತ್ತರ ಬರುತ್ತದೆ. ಆ ನಂಬರಿನ ಹೆಸರು ಯಾವುದು? ಅದೇ ಹೆಸರು ವಾಪಸ್ ಬರುತ್ತದೆ. "ತಾಳೆ ಆಯ್ತು" ಎನ್ನುತ್ತಾರೆ. ಕುಸುಮಾ ಕೊಟೇಶನ್ ಕಳಿಸುತ್ತಾರೆ. ಹತ್ತು ಗಂಟೆ ಎರಡು ನಿಮಿಷ.

ಪುಣೆ ಈ ಸಲ ಬಯ್ಯುವುದಿಲ್ಲ. ಆದರೆ ತೆಗೆದುಕೊಳ್ಳುವುದೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಬಾ, ಎನ್ನುತ್ತದೆ.

"ರಾತ್ರಿ ಎಷ್ಟು ಸಲ ಕಳಿಸಿದ್ದೆ ಕುಸುಮಾ?"

"ಒಂದು... ಹದಿನೆಂಟು ಸಲ ಆಂಟಿ."

"ಹದಿನೆಂಟು ಸಲ ಬಾಗಿಲು ಬಡಿದ್ರೆ ಯಾರಿಗೆ ಅನುಮಾನ ಬರಲ್ಲ ಹೇಳು? ಈಗ ಸರಿಯಾದ ಹೆಸರು ಹೇಳಿದ್ರೂ, ಇರು ನೋಡೋಣ ಅಂತಿದಾರೆ. ಸರ್ವರ್ ತಾನೇ ಮತ್ತೆ ಹೋಗುತ್ತೆ. ನೀನು ಮಾತ್ರ ಮುಟ್ಬೇಡ."

ಕುಸುಮಾರ ಬೆರಳು ಮೌಸ್ ಕಡೆಗೇ ಹೋಗುತ್ತದೆ. ಜಯದೇವಿ ಆ ಕೈಯನ್ನು ಹಿಡಿದು ತಮ್ಮ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಹತ್ತೂಕಾಲು. ಸರ್ವರ್ ಹೋಗುತ್ತದೆ, ವಾಪಸ್ ಬರುತ್ತದೆ. ಹತ್ತೂವರೆ. ಕುಸುಮಾರ ಆರೂ ಜನ ಕೆಲಸಗಾರರು ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಾರೆ. ಎಲ್ಲರಿಗಿಂತ ಹಿರಿಯ ಶ್ರೀಶೈಲ, "ಏನಂತೆ ಮೇಡಂ?" ಎಂದು ಕೇಳುತ್ತಾರೆ. ನಾಗಭೂಷಣ್ ಕಣ್ಣುಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಾರೆ. ಹತ್ತು ನಲವತ್ತು. ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದ್ದೇನೆ.

ಹತ್ತು ಐವತ್ತೊಂದಕ್ಕೆ ಪರದೆಯ ಮೇಲೆ ಒಂದು ಸಾಲು ಬದಲಾಗುತ್ತದೆ. ಜಯದೇವಿ ಅದನ್ನು ಎರಡು ಸಲ ಓದುತ್ತಾರೆ, ಆಮೇಲೆ ಕುಸುಮಾರ ಕೈ ಬಿಡುತ್ತಾರೆ. "ತಗೊಂಡ್ರು."

ಎರಡು ನಿಮಿಷದ ಮೇಲೆ ಪುಣೆಯಿಂದ ಕೊಟೇಶನ್ ತಲುಪಿತು ಎಂಬ ರಸೀದಿ ಬರುತ್ತದೆ. ಕುಸುಮಾ ಜಯದೇವಿಯವರನ್ನು ತಬ್ಬಿಕೊಂಡು ಅಳುತ್ತಾರೆ, ನಗುತ್ತಾರೆ, ಎರಡೂ ಒಟ್ಟಿಗೆ ಮಾಡುತ್ತಾರೆ. ಕೆಲಸಗಾರರು ಚಪ್ಪಾಳೆ ತಟ್ಟುತ್ತಾರೆ. ಆರ್ಡರ್ ಸಿಗುವುದು ಬಿಡುವುದು ಪುಣೆಯವರ ಮರ್ಜಿ. ಆದರೆ ಸ್ಪರ್ಧೆಯಿಂದ ಹೊರಗೆ ಬೀಳುವ ಭಯ ಹೋಯಿತು. ನಾಗಭೂಷಣ್ ಪ್ರಸಾದದ ಪೊಟ್ಟಣ ಬಿಚ್ಚಿ ಎಲ್ಲರ ಕೈಗೂ ಸಕ್ಕರೆ ಪೊಂಗಲ್ ಹಾಕುತ್ತಾರೆ. "ಎಲ್ಲಾ ಅಣ್ಣಮ್ಮನ ದಯೆ!" ಎಂದು ಘೋಷಿಸುತ್ತಾರೆ. ಗಲ್ಲಿ ಒಪ್ಪುತ್ತದೆ. ಜಯದೇವಿಯೂ ಪ್ರಸಾದ ಕಣ್ಣಿಗೊತ್ತಿಕೊಂಡು "ಹೌದು ಸಾರ್" ಎನ್ನುತ್ತಾರೆ.

ನನಗೆ ಮಾತ್ರ ಹೊಟ್ಟೆ ಉರಿಯುತ್ತದೆ. ಹೊರಗೆ ಬಂದು ಅವರು ಸ್ಕೂಟರ್ ತೆಗೆಯುವಾಗ ಕೇಳಿಯೇ ಬಿಡುತ್ತೇನೆ. ನಿಮಗೆ ಬೇಜಾರಾಗಲಿಲ್ಲವೇ? ಇಷ್ಟೆಲ್ಲ ಮಾಡಿದ್ದು ನೀವು. ನಿಮ್ಮ ಹೆಸರೂ ನಾಲ್ಕು ಜನಕ್ಕೆ ಗೊತ್ತಾಗಬೇಕು ಎಂಬ ಆಸೆ ಇಲ್ಲವೇ?

ಜಯದೇವಿ ಹೆಲ್ಮೆಟ್‌ನ ಪಟ್ಟಿ ಬಿಗಿದುಕೊಳ್ಳುತ್ತಾರೆ. ಗಲ್ಲಿಯೊಳಗೆ ಕುಸುಮಾರ ಶಟರ್ ಮೇಲೇರಿದೆ, ಒಂದೊಂದೇ ಲೇತ್ ಶುರುವಾಗುತ್ತಿದೆ.

"ಇವತ್ತು ಹತ್ತು ಐವತ್ತೊಂದಕ್ಕೆ ಎಂಟುನೂರು ಕಿಲೋಮೀಟರ್ ಆಚೆಯಿಂದ, ಯಾರಪ್ಪಾ ನೀನು ಅಂತ ಕೇಳಿದ್ರು ಸಾರ್. ನಮ್ಮ ಮಿಷನ್ ಹೆಸರು ಹೇಳ್ತು. ಅವರು ವಿಚಾರಿಸಿ ನೋಡಿದ್ರು, ನಿಜ ಅಂತ ಗೊತ್ತಾಯ್ತು, ಬಾಗಿಲು ತೆಗೆದ್ರು. ನಮ್ಮ ಗಲ್ಲಿಯವರು ಯಾವ ಊರಿಗೆ ಹೋಗಿ ಹೆಸರು ಹೇಳಿದ್ರೂ ಜನ ನಂಬಬೇಕು. ನಂಬೋ ಹಾಗೆ ಇಟ್ಟಿದೀನಿ. ನಂಗೆ ಅದು ಸಾಕು."